ಕಾಣಲಿಲ್ಲ, ಇಲ್ಲ

ನನ್ನ ಎಂ.ಎಸ್ಸಿ. ಪ್ರಬಂಧದಲ್ಲಿ ಅತಿ ಹೆಚ್ಚು ಸಲ ಬಂದಿರುವ ಅಂಕಿ ಸೊನ್ನೆ. ಹೋದ ತಿಂಗಳು ಊರಿಗೆ ಹೋದಾಗ ಅಟ್ಟದಿಂದ ಹಳೆಯ ಡೇಟಾ ಶೀಟುಗಳ ಕಟ್ಟು ಇಳಿಸಿದೆ. ಒಂದು ಮೂಲೆಯನ್ನು ಇಲಿ ತಿಂದಿದೆ, ಎರೆಮಣ್ಣಿನ ಬೆರಳಚ್ಚು ಮಾತ್ರ ಹಾಗೇ ಉಳಿದಿದೆ. ದಿನಾಂಕ, ಹೊತ್ತು, ಗಾಳಿ, ಮೋಡ, ಹೊಲದಲ್ಲಿ ನಿಂತ ಬೆಳೆ, ಕುರಿ-ದನ ಎಷ್ಟು, ಚಿಗರಿ, ಅಂದರೆ ಕೃಷ್ಣಮೃಗ, ಎಷ್ಟು ಅಂತ ಕಾಲಂಗಳು. ಕೊನೆಯ ಕಾಲಂ ಹಕ್ಕಿಯದು. ಅದರಲ್ಲಿ ಮೇಲಿನಿಂದ ಕೆಳಗಿನವರೆಗೆ ಸೊನ್ನೆ. ಮೊದಲ ವಾರದ ಸೊನ್ನೆಗಳು ಕಾಪಿ ಬರೆದ ಹಾಗೆ ದುಂಡಗಿವೆ. ಮೂರನೇ ತಿಂಗಳ ಹೊತ್ತಿಗೆ ಬಾಯಿ ತೆರೆದುಕೊಂಡು ಸೋತು ಮಲಗಿವೆ.

ಅವ್ವ ಒಂದು ಹಾಳೆ ಎತ್ತಿ ನೋಡಿ, "ಇದಕ್ಕೇನ ನೀ ಎರಡು ವರ್ಷ ಓದಿದ್ದು?" ಅಂದಳು. ವ್ಯಂಗ್ಯವಲ್ಲ, ನಿಜಕ್ಕೂ ಕೇಳಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಕೊಟ್ಟ ಉತ್ತರ ನನಗೇ ಸರಿ ಅನ್ನಿಸಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ರಾಣೆಬೆನ್ನೂರಿನ ಹತ್ತಿರದ ಹಳ್ಳಿ. ಪಿಯುಸಿವರೆಗೆ ಕನ್ನಡದಲ್ಲೇ ಯೋಚಿಸಿ, ಡಿಗ್ರಿಗೆ ಬಂದ ಮೇಲೆ ಇಂಗ್ಲಿಷಿನಲ್ಲಿ ಬಾಯಿಪಾಠ ಹೊಡೆದ ಪೈಕಿ ನಾನು. ರಸಾಯನ, ಸಸ್ಯ, ಪ್ರಾಣಿಶಾಸ್ತ್ರದ ಸಿಬಿಜೆಡ್ ಡಿಗ್ರಿ ಮುಗಿಸಿದಾಗ ಮುಂದೆ ಇದ್ದ ದಾರಿಗಳು ಎರಡೇ: ಬಿ.ಎಡ್., ಇಲ್ಲವೇ ಧಾರವಾಡಕ್ಕೆ ಹೋಗಿ ಬ್ಯಾಂಕ್ ಪರೀಕ್ಷೆಯ ಕೋಚಿಂಗ್. ವನ್ಯಜೀವಿಗಳ ಬಗ್ಗೆ ಸ್ನಾತಕೋತ್ತರ ಪದವಿ ಅಂತ ಒಂದು ಇದೆ ಎನ್ನುವುದೇ ನಮ್ಮ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದ್ದದ್ದು ಇತ್ತೀಚೆಗೇನೂ ಅಲ್ಲ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ 1988ರಿಂದ ಎಂ.ಎಸ್ಸಿ. ಕಲಿಸುತ್ತಿದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2004ರಲ್ಲಿ ಶುರುವಾಯಿತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿಗಳದ್ದೇ ಒಂದು ವಿಭಾಗವಿದೆ. ಅರಣ್ಯಶಾಸ್ತ್ರ ಓದುವವರಿಗೆ ಶಿರಸಿ, ಪೊನ್ನಂಪೇಟೆ. ನಾನು ಎಲ್ಲಿ ಓದಿದೆ ಅಂತ ಹೇಳುವುದಿಲ್ಲ. ಮುಂದೆ ಸ್ವಲ್ಪ ಬೈಯುವುದೂ ಇದೆ.

ಸಂದರ್ಶನದಲ್ಲಿ "ಯಾವ ಪ್ರಾಣಿಯ ಮೇಲೆ ಕೆಲಸ ಮಾಡಬೇಕು ಅಂತ ಆಸೆ?" ಅಂತ ಕೇಳಿದರು. ಹುಲಿ ಅಂದೆ. ನನಗಿಂತ ಮುಂಚೆ ಹೋದವರೂ ಹುಲಿ, ಆಮೇಲೆ ಹೋದವರೂ ಹುಲಿ. ಕೇಳಿದವರ ಮುಖದಲ್ಲಿ ಒಂದು ದಣಿದ ನಗೆ ಇತ್ತು. ಅದು ಏನೆಂದು ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಕಾಡು ತೋರಿಸುತ್ತಾರೆ ಅಂದುಕೊಂಡು ಹೋದವಳಿಗೆ ಮೊದಲ ಸೆಮಿಸ್ಟರಿನಲ್ಲಿ ತೋರಿಸಿದ್ದು ಸಂಖ್ಯಾಶಾಸ್ತ್ರ. ಬೆಳಿಗ್ಗೆ ಸಂಭವನೀಯತೆ, ಮಧ್ಯಾಹ್ನ 'ಆರ್' ಎಂಬ ಒಂದಕ್ಷರದ ಹೆಸರಿನ ಸಾಫ್ಟ್‌ವೇರ್. ಒಂದು ಅಲ್ಪವಿರಾಮ ತಪ್ಪಿದರೆ ಪರದೆಯ ತುಂಬ ಕೆಂಪು ಅಕ್ಷರ. ಹಾಸ್ಟೆಲಿನಲ್ಲಿ ಅತ್ತಿದ್ದೇನೆ. ಲೆಕ್ಕ ಬರುವುದಿಲ್ಲ ಅಂತಲ್ಲ; ಹುಲಿಗೂ ಇದಕ್ಕೂ ಏನು ಸಂಬಂಧ ಅಂತ.

ಸಂಬಂಧ ಗೊತ್ತಾದದ್ದು ದಸರಾ ರಜೆಯಲ್ಲಿ, ನಮ್ಮ ಮನೆಯಲ್ಲೇ. ಕ್ಲಾಸಿನಲ್ಲಿ ಹೇಳಿಕೊಟ್ಟ ಒಂದು ಲೆಕ್ಕವನ್ನು ಅವ್ವನ ಮೇಲೆ ಪ್ರಯೋಗಿಸಿದೆ. ಡಬ್ಬಿಯ ತುಂಬ ಹುಣಸೆ ಬೀಜ. ಎಷ್ಟಿವೆ ಅಂತ ಎಣಿಸುವ ಹಾಗಿಲ್ಲ. ಒಂದು ಹಿಡಿ ತೆಗೆದು, ಐವತ್ತು ಬೀಜಕ್ಕೆ ಸುಣ್ಣದ ಬೊಟ್ಟು ಇಟ್ಟು, ಒಣಗಿಸಿ, ವಾಪಸ್ ಹಾಕಿ ಚೆನ್ನಾಗಿ ಅಲ್ಲಾಡಿಸಿದೆವು. ಆಮೇಲೆ ಕಣ್ಣು ಮುಚ್ಚಿ ನಲವತ್ತು ತೆಗೆದರೆ ಅದರಲ್ಲಿ ಹತ್ತಕ್ಕೆ ಬೊಟ್ಟಿತ್ತು. ನಲವತ್ತರಲ್ಲಿ ಹತ್ತು ಅಂದರೆ ಕಾಲು ಪಾಲು. ಅಂದಮೇಲೆ ನಾವು ಬೊಟ್ಟಿಟ್ಟ ಐವತ್ತು ಇಡೀ ಡಬ್ಬಿಯ ಕಾಲು ಪಾಲು ಇರಬೇಕು. ಇನ್ನೂರು ಅಂದೆ. ಅವ್ವ ಬಿಡಲಿಲ್ಲ, ನೆಲಕ್ಕೆ ಸುರಿದು ಎಣಿಸಿಯೇಬಿಟ್ಟಳು. ಇನ್ನೂರ ಹನ್ನೆರಡು.

"ಮತ್ತ ಹನ್ನೆರಡು ಎಲ್ಲಿ ಹೋದ್ವು?"

"ಎಲ್ಲೂ ಹೋಗಿಲ್ಲವ್ವ. ನಮಗ ಕಾಣಲಿಲ್ಲ ಅಷ್ಟ."

"ಮೊದಲ ಸುರುವಿ ಎಣಿಸಿದ್ರ ಆಗ್ತಿತ್ತಲ್ಲ!"

ಕಾಡನ್ನು ಸುರುವಿ ಎಣಿಸಲು ಬರುವುದಿಲ್ಲ. ಅದೇ ತಕರಾರು. ಡೆನ್ಮಾರ್ಕಿನ ಪೀಟರ್ಸನ್ 1896ರಲ್ಲಿ ಮೀನುಗಳಿಗೆ ಗುರುತು ಹಾಕಿ ಈ ದಾರಿ ಹಿಡಿದ. 1930ರಲ್ಲಿ ಅಮೆರಿಕದ ಲಿಂಕನ್ ಬಾತುಗಳ ಕಾಲಿಗೆ ಉಂಗುರ ತೊಡಿಸಿ ಇದನ್ನೇ ಮಾಡಿದ. ನಮ್ಮ ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಉಲ್ಲಾಸ ಕಾರಂತರು ಹುಲಿಗೆ ಇದನ್ನು ಒಗ್ಗಿಸಿದರು. ಹುಲಿಯನ್ನು ಹಿಡಿದು ಸುಣ್ಣ ಹಚ್ಚಬೇಕಾಗಿಲ್ಲ, ಅದರ ಪಟ್ಟೆಯೇ ಬೊಟ್ಟು. ಒಂದರ ಹಾಗೆ ಇನ್ನೊಂದರದಿಲ್ಲ, ಒಂದೇ ಹುಲಿಯ ಎಡಮೈಯ ಹಾಗೆ ಬಲಮೈಯೂ ಇಲ್ಲ. ಅದಕ್ಕೇ ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ. ಫೋಟೊ ಬಿದ್ದರೆ ಹಿಡಿದ ಹಾಗೆ, ಅದೇ ಹುಲಿ ಮತ್ತೆ ಬಿದ್ದರೆ ಬೊಟ್ಟಿನ ಬೀಜ ಮತ್ತೆ ಕೈಗೆ ಬಂದ ಹಾಗೆ. 1995ರಲ್ಲಿ ಅವರ ಆ ಪ್ರಬಂಧ ಪ್ರಕಟವಾದಾಗ ದೇಶದ ಉಳಿದ ಕಡೆ ಇನ್ನೂ ಗಾಜಿನ ಹಲಗೆ ಇಟ್ಟು ಹೆಜ್ಜೆಗುರುತಿನ ನಕಲು ತೆಗೆದು ಎಣಿಸುವ ಪದ್ಧತಿಯೇ ನಡೆಯುತ್ತಿತ್ತು. ಆ ಪದ್ಧತಿಯ ಹಿಂದಿನ ನಂಬಿಕೆ ಅವ್ವನದೇ: ಎಲ್ಲವನ್ನೂ ಎಣಿಸಿಬಿಡಬಹುದು. ಆ ನಂಬಿಕೆ ಬಿದ್ದದ್ದು ರಾಜಸ್ಥಾನದ ಸರಿಸ್ಕಾದಲ್ಲಿ. ಕಾಗದದ ಮೇಲೆ ಹದಿನೈದಕ್ಕೂ ಹೆಚ್ಚು ಹುಲಿಗಳಿದ್ದ ಆ ಕಾಡಿನಲ್ಲಿ 2005ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಕಳ್ಳಬೇಟೆಗಾರರು ಮುಗಿಸಿದ್ದರು. ಮೇಷ್ಟ್ರು ಈ ಕಥೆ ಹೇಳಿ, "ಇಲ್ಲದ್ದನ್ನು ಇದೆ ಅಂತ ಬರೆದರೆ ಹೀಗಾಗುತ್ತದೆ. ಇರುವುದನ್ನು ಇಲ್ಲ ಅಂತ ಬರೆದರೆ ಏನಾಗುತ್ತದೆ, ನೀವೇ ಯೋಚನೆ ಮಾಡಿ" ಅಂದು ಹೋದರು. ಆ ಮಾತನ್ನು ನೋಟ್ಸಿನಲ್ಲಿ ಬರೆದುಕೊಳ್ಳಲೂ ಇಲ್ಲ ನಾನು.

ಎರಡನೇ ವರ್ಷ ಪ್ರಬಂಧಕ್ಕೆ ವಿಷಯ ಹುಡುಕುವಾಗ ಗೈಡ್ ನನ್ನ ಊರು ಕೇಳಿದರು. ರಾಣೆಬೆನ್ನೂರು ಅಂದೆ. "ಹಾಗಾದರೆ ನಿನಗೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ಗೊತ್ತಿರಬೇಕಲ್ಲ?" ಗೊತ್ತಿರಲಿಲ್ಲ. ನಮ್ಮೂರಿನ ಮಗ್ಗುಲಿನಲ್ಲೇ 119 ಚದರ ಕಿಲೋಮೀಟರಿನ ಅಭಯಾರಣ್ಯವಿದೆ. 1974ರಲ್ಲಿ ಘೋಷಣೆಯಾದದ್ದು, ಕೃಷ್ಣಮೃಗದ ಹೆಸರಿನಲ್ಲಿ. ಅಲ್ಲಿ ಆ ಹಕ್ಕಿಯೂ ಇತ್ತು ಅಂತ ಬೆಂಗಳೂರಿನಲ್ಲಿ ಬೆಳೆದವರೊಬ್ಬರಿಂದ ಕೇಳಿದಾಗ ಒಂದು ಥರ ನಾಚಿಕೆಯಾಯಿತು. ರಾತ್ರಿ ಅಜ್ಜನಿಗೆ ಫೋನು ಮಾಡಿದೆ.

"ಎರೆಭೂತ ಅಂತೀವಲ್ಲ, ಅದ. ದನ ಕಾಯಾಕ ಹೋದಾಗ ನೋಡೀನಿ. ಕುರಿಮರಿ ಎದ್ದು ನಿಂತಂಗ ಇರ್ತಿತ್ತು. ಹೊತ್ತು ಹುಟ್ಟೂ ಮುಂಚೆ ಹೂಂ... ಹೂಂ... ಅಂತ ಹೂಂಕರಿಸೂದು. ನೀಲಗಿರಿ ಹಚ್ಚಿದ ಮ್ಯಾಲೆ ಕಾಣಲಿಲ್ಲ."

ಎರೆಭೂಮಿಯ ಭೂತ. ಯಾರಿಟ್ಟ ಹೆಸರೋ, ಆ ಹೂಂಕಾರವನ್ನು ಕತ್ತಲಲ್ಲಿ ಕೇಳಿದವರೇ ಇಟ್ಟಿರಬೇಕು. ಗಂಡು ಹದಿನೈದು ಕಿಲೋದ ಹತ್ತಿರ ತೂಗುತ್ತದೆ, ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿನದು. ಹೆಣ್ಣು ಬಯಲು ನೆಲದ ಮೇಲೆ ಗೂಡಿಲ್ಲದೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಮಿಡತೆ, ಓತಿಕ್ಯಾತ, ಬಾರಿಹಣ್ಣು, ಶೇಂಗಾ, ಕಾಳುಕಡಿ ಸಿಕ್ಕಿದ್ದು ತಿನ್ನುತ್ತದೆ. ಅದಕ್ಕೆ ಬೇಕಾದದ್ದು ತೆರೆದ ಬಯಲು, ದೂರದವರೆಗೆ ಕಣ್ಣು ಹಾಯುವಂಥದ್ದು. ಆ ಬಯಲಿಗೆ ಮರ ನೆಟ್ಟವರು ಒಳ್ಳೆಯದೇ ಮಾಡುತ್ತಿದ್ದೇವೆ ಅಂದುಕೊಂಡಿದ್ದರು. ಹುಲ್ಲುಗಾವಲು ಅಂದರೆ ಮರ ಬರದೇ ಹಾಳುಬಿದ್ದ ಜಾಗ ಎಂಬ ತಿಳುವಳಿಕೆ ಕಂದಾಯದ ಕಡತಗಳಿಂದಲೇ ಬಂದದ್ದು: ಕಂದಾಯ ಹುಟ್ಟದ ಭೂಮಿ ಬಂಜರು. ಇವತ್ತಿಗೂ ಸರ್ಕಾರ ಪಾಳುಭೂಮಿಯ ಭೂಪಟ ಅಂತ ಒಂದು ಪ್ರಕಟಿಸುತ್ತದೆ, ಕುರುಚಲು ಬಯಲುಗಳೆಲ್ಲ ಅದರಲ್ಲಿ ಸೇರಿವೆ. ಕೃಷ್ಣಮೃಗ, ತೋಳ, ಎರೆಭೂತ ಎಲ್ಲ ಅಲ್ಲೇ ಬದುಕಿದ್ದು.

ಸಾಕಿ ಬೆಳೆಸಿದವನ್ನು ಬಿಟ್ಟರೆ ಈಗ ಇಡೀ ಜಗತ್ತಿನಲ್ಲಿ ಈ ಹಕ್ಕಿ ಸುಮಾರು 150 ಇರಬಹುದು. ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಕಂಡ ವರದಿಗಳಿವೆ, ಆಚೆಗೆ ಆಂಧ್ರದ ಕರ್ನೂಲು ಸೀಮೆಯ ರೋಳ್ಳಪಾಡು. ಗೈಡ್ ಹೇಳಿದರು: "ಸಿರುಗುಪ್ಪಕ್ಕೆ ಹೋಗು. ಹಕ್ಕಿ ಸಿಗಲಿಕ್ಕಿಲ್ಲ. ಸಿಗದಿದ್ದರೂ ಆಗುವಂಥ ಪ್ರಬಂಧ ಮಾಡೋಣ."

ಸಿಗದಿದ್ದರೂ ಆಗುವಂಥ ಪ್ರಬಂಧ! ಹುಲಿಯ ಆಸೆ ಇಟ್ಟುಕೊಂಡವಳು ಇದನ್ನು ಕೇಳಿ ಏನಂದುಕೊಂಡಿರಬೇಕು. ನನ್ನ ಜೊತೆಯವರು ಬಂಡೀಪುರ, ಅಣ್ಣಾಮಲೈ, ಅರುಣಾಚಲ ಅಂತ ಹೋದರು. ನಾನು ಕೆಂಪು ಬಸ್ಸು ಹತ್ತಿ ಬಳ್ಳಾರಿಗೆ.

ಸಿರುಗುಪ್ಪ ಅಂದರೆ ಭತ್ತ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಕಟ್ಟಿ ಮುಗಿದ ಮೇಲೆ ಕಾಲುವೆ ನೀರು ಹರಿದ ಕಡೆಯೆಲ್ಲ ಎರೆ ಹೊಲ ಗದ್ದೆಯಾಯಿತು, ಊರೂರಿಗೆ ಅಕ್ಕಿ ಗಿರಣಿ ಬಂತು. ಕಾಲುವೆ ಮುಟ್ಟದ ಎತ್ತರದ ನೆಲದಲ್ಲಿ ಇನ್ನೂ ಮಳೆ ನಂಬಿದ ಬೇಸಾಯ: ಹಿಂಗಾರಿ ಜೋಳ, ಕಡಲೆ, ಹತ್ತಿ, ಮೆಣಸಿನಕಾಯಿ. ನನ್ನ ನಕ್ಷೆಯಲ್ಲಿ ಆ ನೆಲವನ್ನು ಎರಡೆರಡು ಕಿಲೋಮೀಟರಿನ ಚೌಕಗಳಾಗಿ ಹೆಚ್ಚಿದ್ದೆ. ಮೂವತ್ತೆಂಟು ಚೌಕ, ಒಂದೊಂದಕ್ಕೂ ಐದೈದು ಸಲ ಭೇಟಿ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ಒಂಬತ್ತರ ಮೇಲೆ ಬಿಸಿಲ್ಗುದುರೆ ಏಳುತ್ತದೆ. ಅರ್ಧ ಕಿಲೋಮೀಟರ್ ಆಚೆಯ ಬಿಳಿ ಚೀಲ ಬೈನಾಕ್ಯುಲರಿನಲ್ಲಿ ಹಕ್ಕಿಯಾಗಿ ನಡೆದುಕೊಂಡು ಬರುತ್ತದೆ. ಯೂರಿಯಾ ಚೀಲ ನೋಡಿ ಎದೆ ಬಡಿದುಕೊಂಡದ್ದು ಒಂದೆರಡು ಸಲವಲ್ಲ.

ಐದು ಸಲ ಯಾಕೆ ಅನ್ನುವುದೇ ಇಡೀ ಪದವಿಯಲ್ಲಿ ನಾನು ಕಲಿತ ಮುಖ್ಯ ಪಾಠ. ಹಕ್ಕಿ ಒಂದು ಚೌಕದಲ್ಲಿ ಇದ್ದೇ ಇದೆ ಅನ್ನಿ. ಹೋದಾಗ ಕಾಣುವ ಸಂಭವ ಐದಕ್ಕೆ ಒಂದು. ಅಂದರೆ ಒಂದು ಭೇಟಿಯಲ್ಲಿ ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ ಎಂಬತ್ತು. ಐದು ಸಲ ಹೋಗಿ ಐದೂ ಸಲ ಸೊನ್ನೆ ಬರೆದುಕೊಂಡು ಬಂದರೂ, ಹಕ್ಕಿ ಅಲ್ಲೇ ಇದ್ದು ನಮ್ಮ ಕಣ್ಣು ತಪ್ಪಿಸಿರುವ ಸಂಭವ ಇನ್ನೂ ನೂರಕ್ಕೆ ಮೂವತ್ಮೂರು. ಅದನ್ನು ಐದಕ್ಕಿಂತ ಕೆಳಗೆ ಇಳಿಸಬೇಕಾದರೆ ಹದಿನಾಲ್ಕು ಸಲ ಹೋಗಬೇಕು. ಹದಿನಾಲ್ಕು ಸಲ ಹೋಗಲು ಎಂ.ಎಸ್ಸಿ. ಹುಡುಗಿಯ ಹತ್ತಿರ ದುಡ್ಡೂ ಇಲ್ಲ, ತಿಂಗಳೂ ಇಲ್ಲ. ಅದಕ್ಕೆ ಸಿಕ್ಕಷ್ಟು ಭೇಟಿಗಳಿಂದಲೇ ಈ 'ಕಾಣುವ ಸಂಭವ'ವನ್ನೂ, 'ಇರುವ ಸಂಭವ'ವನ್ನೂ ಬೇರೆಬೇರೆಯಾಗಿ ಅಂದಾಜು ಮಾಡುವ ಗಣಿತವೊಂದಿದೆ. 2002ರಲ್ಲಿ ಮೆಕೆಂಜಿ ಮತ್ತು ಜೊತೆಗಾರರು ಬರೆದದ್ದು. ನಮ್ಮ ಕ್ಷೇತ್ರದಲ್ಲಿ ಈಗ ಅದಿಲ್ಲದೆ ಕೈಕಾಲು ಆಡುವುದಿಲ್ಲ. ಹಕ್ಕಿಯೊಂದೇ ಆದರೆ ಅದೂ ಕೈಕೊಡುತ್ತಿತ್ತು, ಬರೀ ಸೊನ್ನೆಗಳಿಂದ ಯಾವ ಗಣಿತವೂ ಏನನ್ನೂ ಹಿಂಡಲಾರದು. ಗೈಡ್ ಜಾಣರು: ಪ್ರಬಂಧವನ್ನು ಚಿಗರಿಯ ಮೇಲೆ ನಿಲ್ಲಿಸಿ, ಹಕ್ಕಿಯ ಕಾಲಂ ಒಂದನ್ನು ಪಕ್ಕದಲ್ಲಿ ಸೇರಿಸಿದ್ದರು.

ಇದೆಲ್ಲ ಹೇಳಲು ಚೆಂದ. ನಿಜದಲ್ಲಿ ನನ್ನ ದಿನಗಳನ್ನು ತಿಂದದ್ದು ಬೇರೆಯೇ. ಒಂದು ಸಣ್ಣ ಮಳೆ ಬಿದ್ದರೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಎರಡೆರಡು ಕಿಲೋ; ಬೈಕಿನ ಮಡ್‌ಗಾರ್ಡಿಗೆ ತುಂಬಿ ಚಕ್ರವೇ ತಿರುಗುವುದಿಲ್ಲ, ಕಡ್ಡಿ ಹಾಕಿ ಕೆರೆಯುತ್ತ ಕೂರಬೇಕು. ಇನ್ನೊಂದು, ಯಾವ ಕೈಪಿಡಿಯಲ್ಲೂ ಬರೆಯದ್ದು. ಕಾಡಿನಲ್ಲಿ ಕೆಲಸ ಮಾಡುವ ಗೆಳತಿಯರಿಗೆ ಮರವಿದೆ, ಪೊದೆಯಿದೆ. ನನ್ನ ಹಕ್ಕಿ ಬದುಕುವುದೇ ಮರೆಯಿಲ್ಲದ ಜಾಗದಲ್ಲಿ. ಮೂರು ಕಿಲೋಮೀಟರ್ ದೂರದಿಂದಲೂ ನಾನು ಎಲ್ಲರಿಗೂ ಕಾಣುತ್ತೇನೆ. ನೀರು ಕುಡಿಯದೇ ಇರುವುದನ್ನು ಕಲಿತೆ, ಮಾರ್ಚಿನಲ್ಲಿ ಮೂತ್ರದ ಸೋಂಕಾಗಿ ವಾರವಿಡೀ ಮಲಗಿದೆ. ಕೋರ್ಸಿನ ಕಚೇರಿಗೆ ಕಾರಣ ಬರೆದು ಕಳಿಸಿದರೆ, "ಕ್ಷೇತ್ರಕಾರ್ಯದಲ್ಲಿ ಇವೆಲ್ಲ ಸಾಮಾನ್ಯ" ಅಂತ ಉತ್ತರ ಬಂತು. ಸಾಮಾನ್ಯವಾದದ್ದಕ್ಕೆ ಬಜೆಟ್ಟಿನಲ್ಲಿ ಒಂದು ಸಾಲು ಇರಬೇಕಲ್ಲವೇ? ಬೈಯುವುದಿದೆ ಅಂದೆನಲ್ಲ, ಇದೇ.

ಅಲ್ಲಿ ನನಗೆ ಜೊತೆಯಾದವರು ಒಬ್ಬ ತಾತ, ಅವರ ಮಗ. ತಾತನಿಗೆ ಎಂಟೆಕರೆ ಎರೆ ಹೊಲ, ಇಪ್ಪತ್ತು ಮೂವತ್ತು ಕುರಿ. ಮಗ ನನ್ನ ಬೈಕ್ ಓಡಿಸುವವನು, ಅವನನ್ನು ಅಣ್ಣಾ ಅನ್ನುತ್ತಿದ್ದೆ. ಮೊದಲ ದಿನ ಹಕ್ಕಿಯ ಫೋಟೊ ತೋರಿಸಿ ತಾತನನ್ನು ಕೇಳಿದ್ದೆ. ಅವರು ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು, ವಾಪಸ್ ಕೊಟ್ಟು, "ಇಲ್ಲವ್ವ. ಈ ಕಡೆ ಏನೂ ಇಲ್ಲ" ಅಂದರು. ಸುತ್ತಲಿನ ಊರುಗಳಲ್ಲಿ ನಾನು ಮಾತಾಡಿಸಿದವರೆಲ್ಲ ಹೆಚ್ಚುಕಡಿಮೆ ಅದನ್ನೇ ಅಂದರು. ಸಂದರ್ಶನದ ಹಾಳೆಗಳಲ್ಲೂ ಸಾಲುಸಾಲು ಸೊನ್ನೆ. ನನಗೇನೂ ಅನುಮಾನ ಬರಲಿಲ್ಲ. ಹಕ್ಕಿಗಳು ಅಷ್ಟು ಕಡಿಮೆ, ಯಾರು ನೋಡಿರುತ್ತಾರೆ?

ನಾಲ್ಕನೇ ತಿಂಗಳಲ್ಲಿ ಒಂದು ಸಂಜೆ ಆಲಿಕಲ್ಲು ಮಳೆ ಬಂತು. ನಾವು ಮೂವರೂ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಂತಿದ್ದೆವು. ತಾತ ಎಲೆಗೆ ಸುಣ್ಣ ಹಚ್ಚುತ್ತ, ಯಾರಿಗೂ ಅಲ್ಲವೆಂಬ ಹಾಗೆ ಅಂದರು:

"ಕಡ್ಲಿ ಕಿತ್ತ ಹೊಲದಾಗ ಬರ್ತದ ಅದು. ಕಡ್ಲಿ ಇದ್ದಾಗಲ್ಲ, ಕಿತ್ತ ಮ್ಯಾಲ. ಮಿಡತಿ ತಿನ್ನಾಕ."

ನಾನು ಉಸಿರೆತ್ತಲಿಲ್ಲ.

"ಮೊದಲ ದಿನ ಇಲ್ಲ ಅಂದಿದ್ರಲ್ಲ ತಾತ?"

"ನೀ ಯಾರಂತ ಗೊತ್ತಿತ್ತೇನವ್ವ? ಹಕ್ಕಿ ಐತಿ ಅಂದ್ರ ನಾಳಿ ಹೊಲ ಫಾರೆಸ್ಟಿನವ್ರದು ಆಗ್ತದ. ಮಗಳ ಮದುವಿಗೆ ಎರಡು ಎಕರೆ ಮಾರೋಣಂದ್ರ ಬರಂಗಿಲ್ಲ."

ಹುಸಿ ಭಯವಲ್ಲ ಅದು. ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಇದೇ ಹಕ್ಕಿಗಾಗಿ ಅಭಯಾರಣ್ಯ ಮಾಡಿದರು. ಅದರೊಳಗೆ ಜನರ ಹೊಲಗಳೂ ಸೇರಿದವು, ಜಮೀನು ಮಾರಾಟಕ್ಕೆ ತಡೆ ಬಿತ್ತು. ಕೃಷ್ಣಮೃಗ ಹೆಚ್ಚಿ ಬೆಳೆ ಮೇಯತೊಡಗಿದವು. ಊರವರಿಗೆ ಹಕ್ಕಿ ಅಂದರೇ ಸಿಟ್ಟು. 1990ರ ದಶಕ ಅರ್ಧ ಕಳೆಯುವ ಮುಂಚೆಯೇ ಅಲ್ಲಿ ಎರೆಭೂತ ಇರಲಿಲ್ಲ. ಇದನ್ನು ನಾನು ಎರಡನೇ ಸೆಮಿಸ್ಟರಿನಲ್ಲೇ ಓದಿದ್ದೆ, ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದೂ ಇದ್ದೆ. ಆದರೆ ಸಿರುಗುಪ್ಪದ ಕಟ್ಟೆಯೊಂದರ ಮೇಲೆ ಕುಂತ ತಾತನ "ಇಲ್ಲ"ದೊಳಗೆ ಕರೇರಾ ಇರಬಹುದು ಅಂತ ಹೊಳೆದಿರಲಿಲ್ಲ. ತಾತ ಕರೇರಾದ ಹೆಸರು ಕೇಳಿದವರಲ್ಲ. ಲೆಕ್ಕ ಮಾತ್ರ ಸರಿಯಾಗಿ ಹಾಕಿದ್ದರು.

ಸಂದರ್ಶನದ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ಕಾಣುವ ಸಂಭವಕ್ಕೆ ಗಾಳಿ, ಬೆಳೆಯ ಎತ್ತರ, ಹೊತ್ತು ಅಂತೆಲ್ಲ ಕಾರಣ ಹಾಕಿಕೊಂಡಿದ್ದೆ. ಹೇಳುವ ಮನಸ್ಸು ಎಂಬುದಕ್ಕೆ ಕಾಲಂ ಇರಲಿಲ್ಲ. ಮತ್ತೆ ಮನೆಮನೆಗೆ ಹೋದೆ, ಈ ಸಲ ಹಾಳೆ ಇಲ್ಲದೆ. ಕೆಲವರು ಬಾಯಿ ಬಿಟ್ಟರು, ಕೆಲವರು ಇಲ್ಲ. ಮೆಣಸಿನಕಾಯಿ ಬಿಡಿಸುತ್ತಿದ್ದ ಒಬ್ಬ ಅಕ್ಕ, "ನೋಡೀನಿ, ಆದ್ರ ಬರೀಬ್ಯಾಡ" ಅಂದಳು. ಆ ಮಾತನ್ನು ಎಲ್ಲಿ ಬರೆಯುವುದು? ಅದು ಒಂದೋ, ಸೊನ್ನೆಯೋ?

ಕೊನೆಗೆ ಗೈಡ್ ಜೊತೆ ಎರಡು ದಿನ ಜಗಳವಾಡಿ, ಊರಿನವರ ಮಾತುಗಳನ್ನು ಪ್ರಬಂಧದ ಲೆಕ್ಕದಿಂದ ಪೂರ್ತಿ ಹೊರಗಿಟ್ಟೆ. ನಕ್ಷೆಯಲ್ಲಿ ಚೌಕಗಳ ನಂಬರ್ ಅಳಿಸಿದೆ. ವೈವಾದಲ್ಲಿ ಪರೀಕ್ಷಕರೊಬ್ಬರು, "ಮಾಹಿತಿ ಮುಚ್ಚಿಡುವುದು ವಿಜ್ಞಾನವೇ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಕಳ್ಳಬೇಟೆಯ ಹೆಸರು ಹೇಳಿ ಜಾರಿಕೊಂಡೆ. ಎಂಟೆಕರೆಯ ವಿಷಯ ಹೇಳಬೇಕಿತ್ತು. ಹೇಳಲಿಲ್ಲ.

ಹಕ್ಕಿ ಕಂಡಿತೋ ಇಲ್ಲವೋ ಅಂತ ನೀವು ಕೇಳುತ್ತಿರಬಹುದು. ಕಂಡಿತು. ಸಮೀಕ್ಷೆ ಎಲ್ಲ ಮುಗಿದು, ಬಾಡಿಗೆ ಕೋಣೆ ಖಾಲಿ ಮಾಡಿ, ಬೈಕಿನ ಹಿಂದೆ ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಿಗೆ ಹೊರಟ ದಿನ. ಬೆಳಗಿನ ಹನ್ನೊಂದು ಗಂಟೆ, ಬಿಸಿಲ್ಗುದುರೆ ಎದ್ದ ಹೊತ್ತು. ನನ್ನ ಮೂವತ್ತೆಂಟು ಚೌಕಗಳ ಹೊರಗೆ. ಅಣ್ಣ ಏನೂ ಹೇಳದೆ ಬೈಕಿನ ಎಂಜಿನ್ ನಿಲ್ಲಿಸಿದ. ಕೈ ತೋರಿಸಲಿಲ್ಲ, ತಿರುಗಿಯೂ ನೋಡಲಿಲ್ಲ, ಸುಮ್ಮನೆ ಹ್ಯಾಂಡಲ್ ಹಿಡಿದು ನೆಲ ನೋಡುತ್ತ ನಿಂತ. ಕಡಲೆ ಕಿತ್ತ ಹೊಲ. ನೂರೈವತ್ತು ಮೀಟರಿನಲ್ಲಿ, ಯೂರಿಯಾ ಚೀಲವಲ್ಲದ ಒಂದು ಬಿಳಿ ಕತ್ತು. ತಲೆಯ ಮೇಲೆ ಕರಿಟೋಪಿ. ಹೆಜ್ಜೆ ಎತ್ತಿ, ಅರೆಗಳಿಗೆ ಕಾಲು ಗಾಳಿಯಲ್ಲೇ ಇಟ್ಟುಕೊಂಡು, ಯೋಚಿಸಿ ಊರಿದಂತೆ ನಡೆಯುತ್ತಿತ್ತು. ಎರಡು ನಿಮಿಷವಿರಬಹುದು. ಆಮೇಲೆ ನಾಲ್ಕು ಹೆಜ್ಜೆ ಓಡಿ, ಕಂಬಳಿ ಝಾಡಿಸಿದಂಥ ಸದ್ದಿನ ರೆಕ್ಕೆ ಬಡಿದು ಮೇಲೆದ್ದು, ತಗ್ಗಿನಲ್ಲೇ ಹಾರಿ ಬೇಲಿಯಾಚೆ ಮರೆಯಾಯಿತು. ಆಚೆಗೆ ಹೈಟೆನ್ಷನ್ ತಂತಿಗಳಿದ್ದವು. ಈ ಹಕ್ಕಿಗೆ ಕಣ್ಣು ಎರಡು ಬದಿಗೆ, ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ. ಭಾರದ ಮೈ, ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯಲಾರದು. ರಾಜಸ್ಥಾನ, ಗುಜರಾತುಗಳಲ್ಲಿ ತಂತಿಯನ್ನು ನೆಲದೊಳಗೆ ಹಾಕಿ ಅಂತ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದ್ದು ಇದಕ್ಕೇ, 2024ರಲ್ಲಿ ಆ ಆದೇಶವನ್ನು ಸಡಿಲಿಸಿದ್ದೂ ಆಯಿತು. ಆ ದಿನ ನಾನು ಅದನ್ನೆಲ್ಲ ನೆನೆಯಲಿಲ್ಲ. ಹಕ್ಕಿ ತಂತಿಯ ಕೆಳಗೇ ಹೋಯಿತು, ಬದುಕಿತು ಅಂತಷ್ಟೇ.

ಪೆನ್ಸಿಲ್ ತೆಗೆದೆ. ಬರೆಯುವುದು ಯಾವ ಹಾಳೆಯಲ್ಲಿ? ಸಮೀಕ್ಷೆಯ ಹೊತ್ತಲ್ಲ, ಸಮೀಕ್ಷೆಯ ಚೌಕವಲ್ಲ. ಲೆಕ್ಕಕ್ಕೆ ಈ ಹಕ್ಕಿ ಇಲ್ಲ. "ಅಣ್ಣಾ, ನಿಂಗ ಮೊದಲ ಗೊತ್ತಿತ್ತಾ?" ಅಂದೆ. ಅವನು ಕಿಕ್ ಹೊಡೆದು, "ಬಸ್ ತಪ್ಪಸ್ತೀರಿ ಮೇಡಂ" ಅಂದ.

ಆಮೇಲಿನ ಬದುಕು ಬೇಗ ಹೇಳಿ ಮುಗಿಸುತ್ತೇನೆ. ಈ ಪದವಿಯವರಿಗೆ ಕೆಲಸ ಅಂದರೆ ಒಂದು ಯೋಜನೆಯಿಂದ ಇನ್ನೊಂದಕ್ಕೆ ಹಾರುವುದು, ಹನ್ನೊಂದು ತಿಂಗಳ ಕರಾರು. ನಾನು ಒಂದು ಸಲಹಾ ಕಂಪನಿಗೆ ಸೇರಿದೆ. ಗಾಳಿಯಂತ್ರ, ಸೌರಫಲಕ ಹಾಕುವವರು ಜಾಗದ ಜೀವವೈವಿಧ್ಯದ ವರದಿ ಕೇಳುತ್ತಾರೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ, ಸೌರ ಎರಡೂ ಇಲ್ಲ, ಕಾನೂನು ಕೇಳುವುದಿಲ್ಲ. ಸಾಲ ಕೊಡುವ ಬ್ಯಾಂಕು ಕೇಳಿದರೆ ಮಾಡಿಸುತ್ತಾರೆ. ಒಂದು ಬಯಲಿಗೆ ಮೇ ತಿಂಗಳಲ್ಲಿ ಎರಡು ದಿನಕ್ಕೆ ಕಳಿಸಿದರು. ನೋಡಿ ಬಂದು, "ಈ ಎರಡು ದಿನಗಳಲ್ಲಿ ನೆಲದಲ್ಲಿ ಗೂಡು ಮಾಡುವ ದೊಡ್ಡ ಹಕ್ಕಿಗಳು ಕಂಡುಬಂದಿಲ್ಲ" ಅಂತ ಬರೆದೆ. ಅಚ್ಚಾಗಿ ಬಂದ ವರದಿಯಲ್ಲಿ ಅದು, "ಈ ಪ್ರದೇಶದಲ್ಲಿ ನೆಲದಲ್ಲಿ ಗೂಡು ಮಾಡುವ ದೊಡ್ಡ ಹಕ್ಕಿಗಳು ಇಲ್ಲ" ಅಂತ ಆಗಿತ್ತು. ಕೇಳಿದೆ. "ಎರಡೂ ಒಂದೇ ಅಲ್ವಾ? ನೀವು ನೋಡಿಲ್ಲ ತಾನೆ?" ಅಂದರು. ಹುಣಸೆ ಬೀಜದ ಲೆಕ್ಕ ಹೇಳಹೊರಟೆ, ಅವರಿಗೆ ಮೀಟಿಂಗ್ ಇತ್ತು.

ಅಂದೇ ರಾಜೀನಾಮೆ ಎಸೆದು ಬಂದೆ ಅಂತ ಬರೆಯಬಹುದಿತ್ತು. ಬರಲಿಲ್ಲ. ಮತ್ತೂ ಎಂಟು ತಿಂಗಳು ಅಲ್ಲೇ ಇದ್ದೆ, ತಮ್ಮನ ಫೀಸು ಕಟ್ಟುವುದಿತ್ತು. ಪಿಎಚ್.ಡಿ. ಫೆಲೋಶಿಪ್ ಸಿಕ್ಕ ಮೇಲೆ ಬಿಟ್ಟೆ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್ಪಿನ ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಬಂದಾಗ ಬರುತ್ತದೆ, ಮೂರು ತಿಂಗಳದ್ದು ಒಟ್ಟಿಗೆ. ಅಷ್ಟರಲ್ಲಿ ಅಜ್ಜ ಹೋದ. ಫೀಲ್ಡಿನ ಫೋಟೊ ತೋರಿಸುತ್ತೇನೆ ಅಂದಿದ್ದೆ, ಹಕ್ಕಿಯ ಫೋಟೊ ಇರಲಿಲ್ಲ, ಹೊಲದ್ದು ತೋರಿಸಿದ್ದೆ. ಅಜ್ಜ ಬಹಳ ಹೊತ್ತು ಅದನ್ನೇ ನೋಡಿ, "ಹೌದು, ಇಂಥ ನೆಲದಾಗ ಇರೂದು" ಅಂದಿದ್ದ.

ಅವ್ವನಿಗೆ ಅಡುಗೆಮನೆಯಲ್ಲಿ ಕೊಟ್ಟ ಉತ್ತರ "ಸಂಶೋಧನೆ ಅಂದ್ರ ಹಂಗ ಇರ್ತದವ್ವ" ಅಂತ. ಅವಳು ಹಾಳೆಯನ್ನು ಮಡಚಿ ವಾಪಸ್ ಕಟ್ಟಿನಲ್ಲಿಟ್ಟು, "ಇಷ್ಟು ಸೊನ್ನಿ ಬರ್ಯಾಕೂ ಹೋಗಿ ನೋಡಬೇಕಲ್ಲ ಮತ್ತ" ಅಂದಳು. ನನ್ನ ಗೈಡ್ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ.

ತಾತನಿಗೆ ವರ್ಷಕ್ಕೊಮ್ಮೆ, ದೀಪಾವಳಿಗೆ ಫೋನು ಮಾಡುತ್ತೇನೆ. ಈ ವರ್ಷವೂ ಮಾಡಿದೆ. ಮಳೆ ಚೆನ್ನಾಗಿದೆ, ಕಡಲೆ ಬಿತ್ತಿದ್ದಾರೆ, ಎರಡು ಕುರಿ ಸತ್ತವು, ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಮಾತೆಲ್ಲ ಮುಗಿದ ಮೇಲೆ ಕೇಳಿದೆ, "ದೊಡ್ಡಹಕ್ಕಿ ಏನರ ಕಂಡಿತ್ತಾ ತಾತ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೊದಲ ದಿನದ್ದೇ ದನಿಯಲ್ಲಿ, "ಇಲ್ಲವ್ವ. ಈ ಕಡೆ ಏನೂ ಇಲ್ಲ" ಅಂದರು. "ಮದುವಿಗೆ ಬಾ. ಕಡ್ಲಿ ಕಿತ್ತ ಮ್ಯಾಲ ಇಡ್ತೀವಿ, ಆಗ ಬಾ."